'ಮುಚ್ಚು' ಎಂಬ ಸಾಲಿಗೆ ಬಂದ ಉತ್ತರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಲಾಯಿ ಇಮಾಮಸಾಬರು. ಮಾಗಿಯ ಚಳಿ ಇಳಿಯುತ್ತಿದ್ದ ಕಾಲ; ಸುಗ್ಗಿ ಮುಗಿದು, ಊರೂರಿನ ಹೆಂಗಸರು ಅಟ್ಟದ ಮೇಲಿನ ತಾಮ್ರದ ಹಂಡೆ, ಹಿತ್ತಾಳೆಯ ಬೋಗುಣಿಗಳನ್ನು ಕೆಳಗಿಳಿಸುವ ದಿನಗಳು. ಹಳೆಯ ಸುಂಕದಕಟ್ಟೆಯ ಮಗ್ಗುಲಲ್ಲಿ ನೆಲಕ್ಕೆ ಗುಂಡಿ ತೋಡಿ, ತಿದಿ ಹೂಡಿ, ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಅರಳೆಯ ಉಂಡೆಯಿಂದ ತವರವನ್ನು ಒಳಮೈಗೆಲ್ಲ ಸವರುತ್ತ ಅವರು ಕಥೆ ಹೇಳುತ್ತಿದ್ದರು. ಪಾತ್ರೆ ತಂದವರು ತಮ್ಮ ಸರದಿ ಬರುವವರೆಗೆ ಕೂತು ಕೇಳುತ್ತಿದ್ದರು. ಸರದಿ ಮುಗಿದವರೂ ಏಳುತ್ತಿರಲಿಲ್ಲ. ಇದೇ ಕಥೆಯ ಇನ್ನೊಂದು ಪಾಠವನ್ನು ಆಮೇಲೆ ಬೇರೆ ಸೀಮೆಯ ಸೂಲಗಿತ್ತಿಯೊಬ್ಬಳಿಂದ ಕೇಳಿದ್ದೇನೆ. ಅದರಲ್ಲಿ ಯಜಮಾನನ ಪ್ರಸಂಗವೇ ಇಲ್ಲ, ಕೊನೆಯೂ ಬೇರೆ. ಇಲ್ಲಿ ಇಮಾಮಸಾಬರ ಪಾಠವನ್ನೇ ಅನುಸರಿಸಿದ್ದೇನೆ. ಪಾತ್ರಗಳ ಮಾತುಗಳನ್ನು ಅವರು ಆಡಿ ತೋರಿಸಿದಂತೆಯೇ ಉಳಿಸಿಕೊಂಡಿದ್ದೇನೆ. ಊರಿನ ಹೆಸರು ಕೇಳಿದ್ದಕ್ಕೆ ಅವರು, "ಹೆಸ್ರು ತಿಳ್ಕೊಂಡು ಏನ್ ಮಾಡ್ತೀರಿ ಸ್ವಾಮಿ, ಆ ಊರಿಗೆ ಬಸ್ಸಿಲ್ಲ" ಎಂದಿದ್ದರು.

ಆ ಊರಿನಲ್ಲಿ ಯಾವುದನ್ನೂ ಕೈಯಿಂದ ಕದಲಿಸುವ ಪದ್ಧತಿ ಇರಲಿಲ್ಲ. ಪ್ರತಿ ಮನೆಯ ನಡುಗೋಡೆಯಲ್ಲಿ ಒಂದು ಕರಿಯ ಹಲಗೆ ಇರುತ್ತಿತ್ತು. ಬಳಪದಿಂದ ಅದರ ಮೇಲೆ ಒಂದು ಸಾಲು ಬರೆದು ಅಂಗೈಯಿಂದ ಒಮ್ಮೆ ತಟ್ಟಿದರೆ ಸಾಲು ಅಳಿಸಿಹೋಗಿ ಕೆಲಸ ನಡೆಯುತ್ತಿತ್ತು. ದೀಪ ಹೊತ್ತುತ್ತಿತ್ತು, ಬೀಸುಕಲ್ಲು ತಿರುಗುತ್ತಿತ್ತು, ಕಣಜದ ಬಾಯಿ ತೆರೆಯುತ್ತಿತ್ತು, ತೊಟ್ಟಿಲು ತೂಗುತ್ತಿತ್ತು. ಹಲಗೆಗೆ ತಿಳಿಯುವ ನುಡಿಗೆ ಕಟ್ಟುನುಡಿ ಎಂದು ಹೆಸರು. ಅದರಲ್ಲಿ ಸಾಲಿಗೆ ಸಾಲು ಸೇರಿಸಿ ದೊಡ್ಡ ಕೆಲಸಗಳನ್ನೂ ಹೆಣೆದಿಡಬಹುದಾಗಿತ್ತು: ಕೋಳಿ ಕೂಗುವ ಮುನ್ನ ಹಂಡೆಗೆ ನೀರು ತುಂಬಬೇಕು, ತುಂಬಿದ ಮೇಲೆ ಒಲೆ ಹೊತ್ತಬೇಕು, ನೀರು ಕಾದ ಮೇಲೆ ಒಲೆ ಆರಬೇಕು ಎಂಬಂಥವನ್ನು. ಬರೆಯಲು ಬೇಕಾದ ತೆರೆ, ಮುಚ್ಚು, ಕೂಡಿಸು, ಅಳಿಸು ಮುಂತಾದ ಮಾತುಗಳು ಊರ ನಡುವಿನ ಹಲಗೆಮನೆಯಲ್ಲಿ ತಯಾರಾಗುತ್ತಿದ್ದವು. ಬಡಗಿಗೆ ಉಳಿ ಬಾಚಿಗಳಿದ್ದಂತೆ ಆ ಊರಿನವರಿಗೆ ಈ ಮಾತುಗಳು. ಸಲಕರಣೆ ಎಂದೇ ಅವನ್ನು ಕರೆಯುತ್ತಿದ್ದರು.

ಹಲಗೆಗೆ ಒಂದು ನಡತೆಯಿತ್ತು. ಬರೆದದ್ದು ಅದಕ್ಕೆ ಒಗ್ಗದಿದ್ದರೆ 'ಅಲ್ಲ' ಎಂಬ ಒಂದು ಮಾತು ಮೂಡುತ್ತಿತ್ತು. ಯಾವುದು ಅಲ್ಲ, ಯಾಕೆ ಅಲ್ಲ, ಏನು ಮಾಡಿದರೆ ಹೌದು ಎಂಬುದನ್ನು ಅದು ಹೇಳುತ್ತಿರಲಿಲ್ಲ. ಕೆಲಸ ಆದರೆ ಏನೂ ಮೂಡುತ್ತಿರಲಿಲ್ಲ. ಸುಮ್ಮನಿದ್ದರೆ ಆಯಿತೆಂದು ಅರ್ಥ. ಈ ನಡತೆ ಗೋಡೆಯಿಂದ ಇಳಿದು ಜನರ ನಾಲಿಗೆಗೂ ಬಂದಿತ್ತು. ಉಂಡೆಯಾ ಎಂದು ತಾಯಿ ಕೇಳಿದರೆ ಉಂಡ ಮಗ ಮಾತಾಡುತ್ತಿರಲಿಲ್ಲ. ಹಸಿದವನು ಮಾತ್ರ ಬಾಯಿ ಬಿಡುತ್ತಿದ್ದ. ಹೆಣ್ಣನ್ನು ಒಪ್ಪಿಗೆಯೇ ಎಂದು ಕೇಳಿ, ಅವಳು ತಲೆ ತಗ್ಗಿಸಿ ಕೂತರೆ ವೀಳ್ಯ ಬದಲಾಯಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಹೋದ ಮಗಳ ಸುದ್ದಿ ಬಾರದಿದ್ದಷ್ಟೂ ತವರಿನವರು ನೆಮ್ಮದಿಯಾಗಿರುತ್ತಿದ್ದರು. "ಆ ಊರಲ್ಲಿ ಮಾತಾಡೋದೇ ಏನಾದ್ರೂ ಕೆಟ್ಟಾಗ" ಎಂದು ಹೇಳಿ ಇಮಾಮಸಾಬರು ತಿದಿಯನ್ನು ಒಮ್ಮೆ ಜೋರಾಗಿ ಒತ್ತಿದರು.

ಹೊನ್ನಾಜಿ ಹಲಗೆಮನೆಯಲ್ಲಿ ದುಡಿಯುವವಳು. ಒಂದೊಂದು ಸಲಕರಣೆಯನ್ನು ಒಬ್ಬೊಬ್ಬರು ನೋಡಿಕೊಳ್ಳುವುದು ಅಲ್ಲಿಯ ವಾಡಿಕೆ; 'ಮುಚ್ಚು' ಎಂಬ ಮಾತು ಅವಳ ಪಾಲಿನದಾಗಿತ್ತು. ಅವಳ ಗಂಡ ಮಾಯಿಗಯ್ಯ ಕೆರೆಯ ತೂಬಿನ ಸುರಂಗದಲ್ಲಿ ಸತ್ತವನು. ಆ ಸುರಂಗದಲ್ಲಿ ಪ್ರತಿ ಬೇಸಿಗೆಗೂ ಹೂಳು ಕಟ್ಟುತ್ತಿತ್ತು. ಹಲಗೆಯ ಮಾತು ಹೂಳಿಗೆ ನಾಟದು, ಅದೊಂದನ್ನು ಮಾತ್ರ ಕೈಯಿಂದಲೇ ತೆಗೆಯಬೇಕು; ತೆಗೆಯದಿದ್ದರೆ ಕೆಳಗೇರಿಗೆ ಕುಡಿಯಲು ನೀರಿಲ್ಲ. ಮನೆಮನೆಗೂ ಸರದಿಯಿತ್ತು, ಸರದಿ ಬಂದ ಮನೆಯ ಗಂಡಸು ಇಳಿಯಬೇಕು, ಅವನನ್ನು ಹೆತ್ತವಳು ಏರಿಯ ಮೇಲಿನ ಹಲಗೆಯಲ್ಲಿ ತೂಬಿನ ಬಾಗಿಲು ಮುಚ್ಚುವ ಸಾಲು ಬರೆಯಬೇಕು. ಮಗನ ಜೀವವನ್ನು ಬೇರೆ ಯಾರ ಕೈಗೂ ಕೊಡಬಾರದೆಂದು ಹಿಂದಿನವರು ಮಾಡಿದ ಕಟ್ಟಳೆ. ಮಾಯಿಗಯ್ಯನ ಸರದಿಯ ದಿನ ಅವನ ತಾಯಿ ಚೌಡವ್ವ ಸಾಲು ಬರೆದು ತಟ್ಟಿದಳು. ಸಾಲು ಅಳಿಸಿತು. ಹಲಗೆ ಸುಮ್ಮನಿತ್ತು. "ಇಳಿ ಮಗಾ" ಎಂದಳು. ಸುರಂಗದ ಬಾಯಲ್ಲಿ ನೀರು ನಿಂತಂತೆಯೇ ಕಂಡಿತ್ತು. ಅದು ನಿಂತದ್ದು ಬಾಗಿಲು ಮುಚ್ಚಿದ್ದರಿಂದಲ್ಲ, ಹೂಳು ಅಡ್ಡಗಟ್ಟಿದ್ದರಿಂದ. ಮಾಯಿಗಯ್ಯ ಆ ಹೂಳನ್ನು ಅಗೆದ.

ಹೆಣವನ್ನು ಏರಿಯ ಮೇಲೆ ಮಲಗಿಸಿದ್ದಾಗ ಹಲಗೆಮನೆಯ ಯಜಮಾನ ಭದ್ರಯ್ಯ ಬಂದು ನಿಂತಿದ್ದರು. ಕಟ್ಟುನುಡಿಯಲ್ಲಿ ಅವರನ್ನು ಮೀರಿದವರು ಊರಿನಲ್ಲಿ ಇರಲಿಲ್ಲ. ಚೌಡವ್ವ ಅಳಲಿಲ್ಲ. ಎದ್ದು ಬಂದು, ಬಳಪದ ಬಿಳುಪು ಇನ್ನೂ ಅಂಟಿದ್ದ ಬಲಗೈಯನ್ನು ಅವರ ಮುಂದೆ ಹಿಡಿದು ಕೇಳಿದಳು: "ಯಜಮಾನ್ರೆ, ನನ್ ಕೈ ತಪ್ತಾ?"

ಭದ್ರಯ್ಯ ಸುಮ್ಮನಿದ್ದರು. ಆಮೇಲೆ ತಿರುಗಿ ಏರಿಯಿಂದ ಇಳಿದು ಹೋದರು.

ಅಲ್ಲಿ ನೆರೆದವರೆಲ್ಲ ಆ ಸುಮ್ಮನಿರುವಿಕೆಯನ್ನು ಕೇಳಿಸಿಕೊಂಡರು. ಯಾರೂ ಚೌಡವ್ವನನ್ನು ಬಯ್ಯಲಿಲ್ಲ. ವಯಸ್ಸಾದ ಕೈ, ಸಾಲು ಬರೆಯುವಾಗ ಏನೋ ಬಿಟ್ಟಿರಬೇಕು, ಹಲಗೆ ಬೇರೇನನ್ನೋ ಮುಚ್ಚಿ ಸುಮ್ಮನಾಗಿರಬೇಕು ಎಂದು ತಮ್ಮತಮ್ಮೊಳಗೆ ತೀರ್ಮಾನಿಸಿ ಅನುಕಂಪದಿಂದ ನಡೆದುಕೊಂಡರು. ಆ ಅನುಕಂಪವೇ ಅವಳನ್ನು ದಿನದಿನವೂ ತಿಂದಿತು. ಅಂದಿನಿಂದ ಅವಳು ಬಳಪ ಮುಟ್ಟಲಿಲ್ಲ. ಹೊನ್ನಾಜಿ ಕೆಲಸದಿಂದ ಬರುವುದು ತಡವಾದರೆ ಮನೆಯಲ್ಲಿ ದೀಪವೂ ಹೊತ್ತುತ್ತಿರಲಿಲ್ಲ. ಮುದುಕಿ ಕತ್ತಲಲ್ಲಿ ಕೂತಿರುತ್ತಿದ್ದಳು.

ವರುಷಗಳು ಕಳೆದು ಸರದಿ ಮತ್ತೆ ಅದೇ ಮನೆಗೆ ಬಂತು. ಈ ಸಲ ಇಳಿಯಬೇಕಾದವನು ಕಿರಿಯ ಮಗ ಜವರ. ಸುದ್ದಿ ಹೇಳಿಕಳಿಸಿದ ದಿನ ಮೂವರೂ ಉಣ್ಣುತ್ತ ಕೂತಿದ್ದರು.

"ನಾನ್ ಬರೆಯಾಕಿಲ್ಲ" ಎಂದಳು ಚೌಡವ್ವ.

"ಬ್ಯಾಡ ಬುಡವ್ವ" ಎಂದ ಜವರ. "ತಾಯಿಲ್ದೋರು ತಾವೇ ಬರ್ಕೊಂಡು ಇಳೀತಾರೆ. ನಾನೂ ಬರ್ಕೋತೀನಿ."

"ನಾನ್ ಬದ್ಕಿರೋವಾಗ್ಲೇ ತಾಯಿಲ್ದೋನು ಆಯ್ತೀಯೇನ್ಲಾ?"

"ಮತ್ತೆ ನೀನು ಬರೆಯಾಕಿಲ್ಲ ಅಂತೀಯಲ್ಲ! ಕೆಳಗೇರಿಯೋರು ನೀರಿಲ್ದೆ ಸಾಯ್ಬೇಕಾ? ಅತ್ಗೆ, ನೀನಾರ ಹೇಳು."

ಹೊನ್ನಾಜಿ ತುತ್ತು ಕೈಯಲ್ಲೇ ಹಿಡಿದು ಕೂತಳು. ಅವಳಿಗೆ ಒಂದು ಸಂಗತಿ ಗೊತ್ತಿತ್ತು, ಯಾರ ಮುಂದೆಯೂ ಆಡದ ಸಂಗತಿ. 'ಮುಚ್ಚು' ಎಂಬ ಮಾತನ್ನು ಬಿಚ್ಚಿ ನೋಡಿದವಳು ಅವಳು. ಹಲಗೆಯಿಂದ ತೂಬಿನವರೆಗೆ ಸಾಲು ಸಾಗಲು ನೆಲದೊಳಗೆ ಓಡುವ ದಾರಿ ಎಲ್ಲಾದರೂ ಕಡಿದಿದ್ದರೆ, ಬರೆದ ಸಾಲು ಬಾಗಿಲನ್ನು ಮುಟ್ಟುವುದೇ ಇಲ್ಲ. ಆಗಲೂ ಹಲಗೆ ಸುಮ್ಮನಿರುತ್ತದೆ. ಕೆಲಸ ಮುಗಿಸಿದ ಹಲಗೆಯೂ ಸತ್ತ ಹಲಗೆಯೂ ಕಣ್ಣಿಗೆ ಒಂದೇ. ಅತ್ತೆಯ ಕೈ ತಪ್ಪಿತ್ತೋ, ದಾರಿ ಕಡಿದಿತ್ತೋ? ಸಾಲು ಅಳಿಸಿಹೋದ ಮೇಲೆ ಅದನ್ನು ತಿಳಿಯುವ ಬಗೆಯಿರಲಿಲ್ಲ. ತಿಳಿಯದ್ದನ್ನು ಸಮಾಧಾನವೆಂದು ಅತ್ತೆಯ ಮುಂದೆ ಇಡಲು ಅವಳಿಗೆ ಬಾಯಿ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಭದ್ರಯ್ಯನವರ ಮುಂದೆ ನಿಂತಳು.

"ಯಜಮಾನ್ರೆ, ಹಲಗೆ ಕೆಲಸ ಆದ್ರೆ ಆಯ್ತು ಅನ್ಬೇಕು. ಆಗ್ದಿದ್ರೆ ಏನಾಗ್ಲಿಲ್ಲ ಅಂತ ಹೇಳ್ಬೇಕು. 'ಅಲ್ಲ' ಅಂದು ಮುಖ ತಿರುಗಿಸ್ಕೊಂಡ್ರೆ ಜನ ಏನ್ ಮಾಡ್ಬೇಕು?"

"ಕಲೀಬೇಕು" ಎಂದರು ಭದ್ರಯ್ಯ. "ನಾವೆಲ್ಲ ಹೆಂಗೆ ಕಲಿತ್ವು? ಸಲಕರಣೆ ಅಂದ್ರೆ ಕೂಸು ಆಡಿಸೋ ದಾದಿಯಲ್ಲ. ಕೆಲಸ ಮಾಡಿ ಮಾಡಿದೆ ಮಾಡಿದೆ ಅಂತ ಬಡ್ಕೊಳ್ಳೋನು ಒಳ್ಳೆ ಆಳಾ? ತುಂಬಿದ ಕೊಡ ತುಳುಕಲ್ಲ, ಹೊನ್ನಾಜಿ."

"ಖಾಲಿ ಕೊಡಾನೂ ತುಳುಕಲ್ಲ ಯಜಮಾನ್ರೆ."

ಸುತ್ತ ಕೆಲಸ ಮಾಡುತ್ತಿದ್ದವರ ಕೈಗಳು ನಿಂತವು. ಭದ್ರಯ್ಯನವರ ಮುಖ ಕೆಂಪಗಾಯಿತು. ಹೊನ್ನಾಜಿ ದನಿ ತಗ್ಗಿಸಿ, "ಬೇರೆಯವರ ಪಾಲಿಂದು ಮುಟ್ಟಲ್ಲ. 'ಮುಚ್ಚು' ಒಂದನ್ನ ತಿದ್ಲಾ?" ಎಂದು ಕೇಳಿದಳು.

ಸಿಟ್ಟಿನಿಂದ ಅವರಿಗೆ ಮಾತು ಹೊರಡಲಿಲ್ಲ. ಆದರೆ ಆ ಊರಿನ ಕಟ್ಟಳೆಯಲ್ಲಿ ಸಿಟ್ಟಿನ ಸುಮ್ಮನಿರುವಿಕೆ ಬೇರೆ, ಒಪ್ಪಿಗೆಯದು ಬೇರೆ ಎಂಬ ಲೆಕ್ಕವಿರಲಿಲ್ಲ. ಹೊನ್ನಾಜಿ ಕೈ ಮುಗಿದು ಹೊರಟುಬಿಟ್ಟಳು. ಹಿಂದಿನಿಂದ ಯಾರೋ, "ಅಯ್ನೋರು ತಮ್ಮ ಗಾಳಕ್ಕೆ ತಾವೇ ಬಿದ್ರಲ್ಲಪ್ಪ" ಎಂದು ಪಿಸುಗುಟ್ಟಿದ್ದು ಕೇಳಿಸಿತು.

ಅವಳು ಮೊದಲು ಬಳಪ ಹಿಡಿಯಲಿಲ್ಲ. ಮನೆಮನೆಗೆ ಹೋಗಿ, ಜನ ಹಲಗೆಯ ಮುಂದೆ ಏನು ಮಾಡುತ್ತಾರೆಂದು ಬಾಗಿಲಲ್ಲಿ ಕೂತು ನೋಡಿದಳು. ಹಲಗೆಮನೆಯವರು ಹಿಂದೆಂದೂ ಮಾಡದ ಕೆಲಸ ಅದು. ಒಬ್ಬಳು ಕಣಜ ಮುಚ್ಚುವ ಸಾಲು ಬರೆದು ತಟ್ಟಿ, ಮುಚ್ಚಿತೋ ಇಲ್ಲವೋ ಎಂಬ ಸಂಶಯಕ್ಕೆ ಇನ್ನೊಮ್ಮೆ ಬರೆದು ತಟ್ಟಿ, ಆಮೇಲೆ ಎದ್ದು ಹೋಗಿ ಕೈಯಿಂದಲೇ ಮುಟ್ಟಿ ನೋಡಿ ಬರುತ್ತಿದ್ದಳು. ಇನ್ನೊಂದು ಮನೆಯಲ್ಲಿ ಹಲಗೆಯ ಕೆಳಗೆ ನೀರು ತುಂಬಿದ ತಟ್ಟೆ ಇಟ್ಟಿದ್ದರು. ಎಲ್ಲಾದರೂ ಬಾಗಿಲು ಸರಿದರೆ ನೀರು ಅಲುಗುತ್ತದೆ, ಆಗ ಆಯಿತೆಂದು ತಿಳಿಯುತ್ತದೆ ಎಂದರು. ಗಾಣದ ಹುಚ್ಚಯ್ಯ ಎಂಬ ಮುದುಕ ವರ್ಷವಿಡೀ ಹೆಣೆದ ಸಾಲುಗಳನ್ನು 'ಅಳಿಸು' ಎಂಬ ಒಂದು ಮಾತಿನಿಂದ ಕಳೆದುಕೊಂಡಿದ್ದ. "ಒಂದು ಸಾಲು ಅಳಿಸಾಕೆ ಹೋದೆ ಕಣವ್ವ, ಎಲ್ಲಾನೂ ನುಂಗ್ತು. 'ಎಲ್ಲಾನೂನಾ ತಾತ?' ಅಂತ ಒಂದ್ ಮಾತು ಕೇಳಿದ್ರೆ ಅದರ ಗಂಟೇನ್ ಹೋಗ್ತಿತ್ತು?" ಎಂದು ನಗುತ್ತಲೇ ಹೇಳಿದ, ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ಒದ್ದೆಯಾಗಿತ್ತು. 'ಅಳಿಸು' ಅವಳ ಪಾಲಿನ ಮಾತಲ್ಲ. ಆದರೂ ಕೇಳಿಸಿಕೊಂಡಳು.

ಆಮೇಲೆ ಅವಳು 'ಮುಚ್ಚು' ಎಂಬುದನ್ನು ಬಿಚ್ಚಿ ಹೊಸದಾಗಿ ಕಟ್ಟಿದಳು. ತಟ್ಟಿದೊಡನೆ ಹಲಗೆಯ ಮೇಲೆ 'ಆಯಿತು' ಎಂದು ಮೂಡುವಂತೆ ಮಾಡಿದಳು. ಊರಿಗೆ ಹಬ್ಬವಾಯಿತು. ಮುಚ್ಚಿದ್ದನ್ನೇ ತೆರೆದು ತೆರೆದು ಮುಚ್ಚಿದರು. "ನಿನ್ ಹಲಗೆಗೆ ಬಾಯಿ ಬಂತಂತಲ್ಲವ್ವ, ಇನ್ನು ನಿನ್ನಂಗೆ ನಮ್ಮನ್ನೂ ಬಯ್ಯುತ್ತೇನೋ" ಎಂದು ನೀರಿನ ದಾರಿಯಲ್ಲಿ ಹೆಂಗಸರು ಅವಳನ್ನು ಕೆಣಕಿದರು. ಹೊನ್ನಾಜಿ ಬಹಳ ದಿನಗಳ ಮೇಲೆ ನಕ್ಕಳು. ಆ ನಗು ಮನೆ ಮುಟ್ಟುವವರೆಗೂ ಇತ್ತು.

ಬಚ್ಚಲಿಗೆ ಹೋದಾಗ ಕಲ್ಲಿನ ತೊಟ್ಟಿಯಂಥ ದೋಣಿಯ ನೀರು ತುಂಬಿ ಚೆಲ್ಲುತ್ತಿತ್ತು. ಒಳಗೆ ಬಂದು ದೋಣಿಗೆ ನೀರು ಬೀಳುವ ಬಾಯಿ ಮುಚ್ಚುವ ಸಾಲು ಬರೆದು ತಟ್ಟಿದಳು. 'ಆಯಿತು' ಎಂದು ಮೂಡಿತು. ಬಚ್ಚಲಿಗೆ ಮರಳಿದಳು. ನೀರು ಚೆಲ್ಲುತ್ತಲೇ ಇತ್ತು. ಬಗ್ಗಿ ನೋಡಿದರೆ ದೋಣಿಯ ಬಾಯಿಗೆ ಒಂದು ಹಳೆಯ ಒರೆಸುವ ಬಟ್ಟೆ ಸಿಕ್ಕಿಕೊಂಡಿತ್ತು. ಮುಚ್ಚಳ ಅದರ ಮೇಲೆ ಅರ್ಧಕ್ಕೇ ನಿಂತಿತ್ತು. ಅವಳು ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ತಾನು ಹಲಗೆಗೆ ಕಲಿಸಿದ್ದು ಮಾತನ್ನೇ ಹೊರತು ಸತ್ಯವನ್ನಲ್ಲ. ಸಾಲು ತಲುಪಿದ್ದಕ್ಕೇ ಅದು ಆಯಿತು ಎನ್ನುತ್ತಿತ್ತು. ಬಾಗಿಲು ಮುಚ್ಚಿತೋ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಸುಮ್ಮನಿದ್ದ ಹಲಗೆಯನ್ನು ನಂಬದವರು ಎದ್ದು ಹೋಗಿ ಮುಟ್ಟಿಯಾದರೂ ನೋಡುತ್ತಿದ್ದರು. ಹೀಗೆ ಇಂಪಾಗಿ ಆಯಿತು ಎಂದರೆ ಯಾರು ಏಳುತ್ತಾರೆ? ಇದು ತಿಳಿಯದೆ ಹೋಗಿದ್ದರೆ ಜವರ ಈ ಮಾತನ್ನು ನಂಬಿ ಇಳಿಯುತ್ತಿದ್ದ. ಅತ್ತೆ ಇದನ್ನು ನಂಬಿ ಇಳಿಸುತ್ತಿದ್ದಳು.

ಮತ್ತೆ ಬಿಚ್ಚಿದಳು. ಈ ಸಲ ಸಾಲು ಬಾಗಿಲನ್ನು ಮುಟ್ಟಿ, ಬಾಗಿಲು ತಾನು ಸರಿಯಾಗಿ ಕೂತೆನೆಂದು ಹೇಳಿ, ಆ ಮಾತು ಹಿಂದಿರುಗಿ ಬರುವವರೆಗೆ ಹಲಗೆ ಕಾಯುವಂತೆ ಮಾಡಿದಳು. ಕಾಯುವಾಗ 'ಮುಚ್ಚುತ್ತಿದ್ದೇನೆ, ತಾಳಿ' ಎನ್ನುತ್ತಿತ್ತು. ಕೂತರೆ 'ಮುಚ್ಚಿದೆ'. ಅರ್ಧಕ್ಕೆ ನಿಂತರೆ 'ಏನೋ ಅಡ್ಡ ಸಿಕ್ಕಿದೆ, ಬಾಗಿಲ ಹತ್ತಿರ ನೋಡಿ'. ಬರೆದ ಸಾಲನ್ನು ಉತ್ತರ ಸಿಗುವವರೆಗೆ ಅಳಿಸದೆ ಉಳಿಸಿಕೊಳ್ಳುತ್ತಿತ್ತು, ಬರೆದವರು ತಮ್ಮ ಕೈಬರಹವನ್ನು ತಾವೇ ಓದಿಕೊಳ್ಳಲಿ ಎಂದು. ಇಷ್ಟಕ್ಕೆ ಹಲಗೆಮನೆಯ ಕೆಲವರು ತಲೆದೂಗಿದರು. ಆದರೆ ಅವಳು ಇನ್ನೂ ಒಂದನ್ನು ಸೇರಿಸಿದ್ದಳು. ಬಾಗಿಲಿನಿಂದ ಯಾವ ಮಾತೂ ಬಾರದೆ ಹೋದರೆ ಹಲಗೆ ಹೇಳುತ್ತಿತ್ತು: 'ನನಗೆ ಗೊತ್ತಿಲ್ಲ.'

ಅದನ್ನು ಓದಿ ಭದ್ರಯ್ಯ ಅವಳನ್ನು ಕರೆಸಿದರು. ಈ ಸಲ ಅವರಿಗೆ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು ಎಂದು ಇಮಾಮಸಾಬರು ಒತ್ತಿ ಹೇಳಿದರು.

"ಹಲಗೆ ಹಂಗನ್ನಬಾರ್ದು ಕಣಮ್ಮ. ಅದು 'ಅಲ್ಲ' ಅನ್ಬೋದು. 'ಗೊತ್ತಿಲ್ಲ' ಅಂದ್ರೆ ಜನ ಯಾವುದನ್ನ ನಂಬ್ತಾರೆ? ನಾಳೆ ನಮ್ಮನ್ನೂ ಕೇಳ್ತಾರೆ, ನಿಮಗಾದ್ರೂ ಗೊತ್ತಾ ಅಂತ."

"ಕೇಳ್ಲಿ."

"ಏನಂತ ಹೇಳ್ತೀಯ?"

"ಗೊತ್ತಿದ್ರೆ ಗೊತ್ತು ಅಂತೀನಿ" ಎಂದಳು ಹೊನ್ನಾಜಿ. ಉಳಿದರ್ಧವನ್ನು ಹೇಳಲಿಲ್ಲ. ಭದ್ರಯ್ಯ ಕಿಟಕಿಯ ಕಡೆ ತಿರುಗಿಕೊಂಡರು.

ಹೂಳು ತೆಗೆಯುವ ದಿನ ಬೆಳಿಗ್ಗೆಯೇ ಏರಿಯ ಮೇಲೆ ಜನ ಕೂಡಿತು. ಕೆಳಗೇರಿಯವರು ಬರಿಗೊಡಗಳೊಂದಿಗೇ ಬಂದಿದ್ದರು. ಜವರ ಸೊಂಟಕ್ಕೆ ಹಗ್ಗ ಬಿಗಿದು, ಮಂಕರಿ ಗುದ್ದಲಿ ಇಟ್ಟುಕೊಂಡು ಸುರಂಗದ ಬಾಯಲ್ಲಿ ನಿಂತಿದ್ದ. ಚೌಡವ್ವ ಬಂದಳು, ಆದರೆ ಹಲಗೆಯಿಂದ ದೂರ, ಕಲ್ಲಿನ ಮೇಲೆ ಬೆನ್ನು ಮಾಡಿ ಕೂತಳು. ಹೊನ್ನಾಜಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಅತ್ತೆಮ್ಮ, ನೀವು ಬರೀರಿ. ನಿಮ್ ಕೈ ತಪ್ಪಿದ್ರೆ ಹಲಗೆ ಹೇಳುತ್ತೆ. ಬಾಗಿಲು ಕೂರ್ದಿದ್ರೂ ಹೇಳುತ್ತೆ. ಅದು ಸುಮ್ನೆ ಇದ್ರೆ ಮಾತ್ರ ಯಾವುದೂ ಆಗಿಲ್ಲ ಅಂತ ತಿಳ್ಕೊಳ್ಳಿ."

"ಸುಮ್ನಿದ್ರೆ ಆಗಿಲ್ಲ ಅಂತ ಅಂದ್ಕೋಬೇಕಾ?" ಮುದುಕಿ ಸೊಸೆಯ ಮುಖವನ್ನೇ ನೋಡಿದಳು. "ನಾನ್ ಹುಟ್ಟಿದಾಗಿಂದ ಒಂದ್ ಥರ ಕಲ್ತಿದೀನಿ. ಈಗ ತಿರುಗ್ಸು ಅಂತೀಯ."

"ಅವ್ವ, ಹೊತ್ತಾಯ್ತು" ಎಂದು ಕೆಳಗಿನಿಂದ ಜವರ ಕೂಗಿದ. "ನಾನೇ ಬರ್ಕೋತೀನಿ ಅಂದ್ನಲ್ಲ!" ಎನ್ನುತ್ತ ಮೆಟ್ಟಿಲೇರಿ ಬಂದು ಹಲಗೆಯ ಮುಂದಿದ್ದ ಬಳಪ ಎತ್ತಿಕೊಂಡ. ತಾಯಿಯಿಲ್ಲದವನ ಹಾಗೆ ಅವನು ಅಲ್ಲಿ ನಿಂತದ್ದನ್ನು ಕಂಡು ಚೌಡವ್ವನ ಎದೆಯಲ್ಲಿ ಏನಾಯಿತೋ, ಎದ್ದು ಹೋಗಿ ಅವನ ಕೈಯಿಂದ ಬಳಪ ಕಿತ್ತುಕೊಂಡಳು. "ನಾನಿನ್ನೂ ಬದ್ಕಿವ್ನಿ ಕಣ್ಲಾ" ಎಂದಳು. ಬರೆದಳು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡಳು. ಹಿಂದೆ ನಿಂತವರೆಲ್ಲ ಆ ಸಾಲನ್ನು ಓದಿದರು. ಭದ್ರಯ್ಯನವರೂ ಓದಿದರು. ಅದರಲ್ಲಿ ಕುಂದೇನೂ ಇರಲಿಲ್ಲ. ಅಂಗೈಯಿಂದ ತಟ್ಟಿದಳು.

'ಮುಚ್ಚುತ್ತಿದ್ದೇನೆ, ತಾಳಿ' ಎಂದು ಮೂಡಿತು. ತಾಳಿದರು. ಸುರಂಗದ ಬಾಯಲ್ಲಿ ಒಸರುತ್ತಿದ್ದ ನೀರು ನೋಡನೋಡುತ್ತಿದ್ದಂತೆ ಸಣ್ಣದಾಗಿ, ಎಳೆಯಾಗಿ, ನಿಂತೇಹೋಯಿತು. ಯಾರೋ ಸಂತೋಷದಿಂದ ಕೊಡ ಬಡಿದರು. ಆಗ ಹಲಗೆಯ ಮೇಲಿನ ಮಾತು ಬದಲಾಯಿತು: 'ತೂಬಿನಿಂದ ಉತ್ತರ ಬಂದಿಲ್ಲ. ಬಾಗಿಲು ಮುಚ್ಚಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರೂ ಇಳಿಯಬೇಡಿ.'

ಗುಜುಗುಜು ಎದ್ದಿತು. "ಎದುರಿಗೇ ನೀರು ನಿಂತಿಲ್ವಾ?" ಎಂದ ಕೆಳಗೇರಿಯವನೊಬ್ಬ. "ಹಲಗೆಗೆ ಕಣ್ಣಿಲ್ಲ ಸರಿ, ನಮಗಿಲ್ವಾ?" ಎಂದ ಮತ್ತೊಬ್ಬ. ಒಬ್ಬ ಹೆಂಗಸು ಕಂಕುಳಿನ ಕೂಸನ್ನು ತೋರಿಸಿ, ಇದಕ್ಕೆ ಕುಡಿಸಲು ನಿನ್ನೆಯಿಂದ ಒಂದು ಗುಟುಕು ನೀರಿಲ್ಲ ಎಂದಳು. ಜನ ಭದ್ರಯ್ಯನವರ ಕಡೆ ನೋಡಿದರು. ಅವರು ಮುಂದೆ ಬಂದು, ಸಾಲನ್ನು ಇನ್ನೊಮ್ಮೆ ಓದಿ, "ಸಾಲು ಸರಿಯಾಗಿದೆ. ನೀರು ನಿಂತಿದೆ. ಇದು ಹೊಸ ಸಲಕರಣೆಯ ಹಟ. ಇಳಿ ಜವರ" ಎಂದರು.

ಜವರ ಹಗ್ಗ ಸರಿಪಡಿಸಿಕೊಂಡ. ಹಲಗೆಯ ಮಾತು ಹೊನ್ನಾಜಿಯದೇ ಮಾತು. ಅದು ಹಟವೋ ನಿಜವೋ ಅವಳಿಗೂ ಖಾತ್ರಿಯಿರಲಿಲ್ಲ. ತಾನು ಕಟ್ಟಿದ್ದರಲ್ಲೇ ಎಲ್ಲೋ ಕುಂದಿದ್ದು, ಸುಮ್ಮನೆ ಇಡೀ ಕೇರಿಗೆ ನೀರು ತಪ್ಪಿಸುತ್ತಿರಬಹುದು. ಹಾಗೆಂದುಕೊಳ್ಳುತ್ತಿರುವಾಗಲೇ ಚೌಡವ್ವ ಮೆಟ್ಟಿಲಿಗೆ ಅಡ್ಡ ನಿಂತು ಮಗನ ಸೊಂಟದ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದಿದ್ದಳು.

"ಇಳೀಬ್ಯಾಡ."

"ಅವ್ವ, ಯಜಮಾನ್ರು ಹೇಳ್ತಾವ್ರೆ."

"ಯಜಮಾನ್ರ ಮಗ ಇಳೀತಾನಾ? ಬರ್ದೋಳು ನಾನು. ಹಲಗೆ ಗೊತ್ತಿಲ್ಲ ಅಂತ ಹೇಳೈತೆ. ಗೊತ್ತಾಗೋಗಂಟ ನೀನ್ ಇಳೀಬ್ಯಾಡ."

ಜವರ ತಾಯಿಯನ್ನೂ ಜನರನ್ನೂ ನೋಡಿದ. ಹಗ್ಗ ಬಿಡಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ, ಜನರ ಎದುರು ಸುಮ್ಮನೆ ನಿಲ್ಲಲೂ ಆಗಲಿಲ್ಲ. ಏರಿಯ ಮೇಲೆ ಬಿದ್ದಿದ್ದ ಉದ್ದನೆಯ ಬಿದಿರ ಗಳವೊಂದನ್ನು ಎಳೆದುಕೊಂಡು, ದಡದ ಮೇಲೆ ನಿಂತಲ್ಲಿಂದಲೇ ಸುರಂಗದೊಳಗೆ ತೂರಿಸಿ, ಹೂಳಿನ ಗೋಡೆಯನ್ನು ತಿವಿದ. ಏನೂ ಆಗಲಿಲ್ಲ. ಯಾರೋ ನಕ್ಕರು. ಮೈಯ ಭಾರವನ್ನೆಲ್ಲ ಹಾಕಿ ಇನ್ನೊಮ್ಮೆ ತಿವಿದ. ಒಳಗೆಲ್ಲೋ ಮೆತ್ತಗೆ ಕುಸಿದ ಸದ್ದಾಯಿತು. ಅನಂತರದ್ದು ಸದ್ದೆಂದು ಹೇಳಲಾಗದು. ಏರಿಯ ಕಲ್ಲುಗಳೇ ಕಾಲ ಕೆಳಗೆ ಗುಮ್ಮೆಂದವು. ಸುರಂಗದ ಬಾಯಿಂದ ಕೆಸರು, ಕಲ್ಲು, ಕೆರೆಯ ಅರ್ಧ ಭಾರವೇ ಎಂಬಂಥ ನೀರು ಒಟ್ಟಿಗೆ ನುಗ್ಗಿ ಗಳವನ್ನು ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ಕೆಳಗಿಟ್ಟಿದ್ದ ಮಂಕರಿ, ಗುದ್ದಲಿ ಕಾಣದಾದವು. ಅವನು ಆಗಷ್ಟೇ ನಿಂತಿದ್ದ ಜಾಗದ ಮೇಲೆ ನೀರು ಎದೆಮಟ್ಟಕ್ಕೆ ಹರಿಯುತ್ತಿತ್ತು. ಈ ಸಲವೂ ನೀರನ್ನು ತಡೆದದ್ದು ಬಾಗಿಲಲ್ಲ, ಒಳಗೆ ಕುಸಿದು ಕೂತಿದ್ದ ಹೂಳು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆ ಊರು ಹುಟ್ಟಿದ ಮೇಲೆ ಯಾವ ಅರ್ಥವನ್ನೂ ಹೇಳದ ಮೌನ ಅದೊಂದೇ ಇದ್ದಿರಬೇಕು.

ಚೌಡವ್ವ ಹಗ್ಗವನ್ನು ಬಿಟ್ಟಿರಲಿಲ್ಲ. ಅವಳು ನೀರನ್ನು ನೋಡುತ್ತಿರಲಿಲ್ಲ. ಹಲಗೆಯ ಮೇಲೆ ಇನ್ನೂ ಅಳಿಸದೆ ಉಳಿದಿದ್ದ ತನ್ನ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮತ್ತೆ ಓದಿದಳು. ಕೈ ತಪ್ಪಿರಲಿಲ್ಲ; ಬಾಗಿಲು ಮುಚ್ಚಿರಲಿಲ್ಲ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೆಂದು ಇಷ್ಟು ವರ್ಷ ಅವಳಿಗೆ ಯಾರೂ ಹೇ‍ಳಿರಲಿಲ್ಲ. ಹಗ್ಗವನ್ನು ಸೊಸೆಯ ಕೈಗೆ ಕೊಟ್ಟು, ಭದ್ರಯ್ಯನವರ ಮುಂದೆ ಹೋಗಿ ನಿಂತಳು.

"ಯಜಮಾನ್ರೆ, ದೊಡ್ಡೋನು ಹೋದ ದಿನ ನಿಮ್ಮನ್ನ ಒಂದ್ ಮಾತು ಕೇಳಿದ್ದೆ. ಅವತ್ತು ನನ್ ಕೈ ತಪ್ತಾ?"

ಭದ್ರಯ್ಯ ಬಾಯಿ ತೆರೆದರು. ಮಾತು ಬರಲಿಲ್ಲ. ಜನ ನೋಡುತ್ತಿದ್ದರು. ಇನ್ನೊಂದು ಗಳಿಗೆ ಕಳೆದರೆ ಅದೂ ಹೌದೆಂದೇ ಆಗಿಬಿಡುತ್ತಿತ್ತು. "ಸುಮ್ನಿರಬೇಡಿ ಯಜಮಾನ್ರೆ" ಎಂದಳು ಹೊನ್ನಾಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. "ನಿಮ್ಮ ಕಾಲಿಗೆ ಬೀಳ್ತೀನಿ. ಏನಾದ್ರೂ ಅನ್ನಿ."

ಕಟ್ಟುನುಡಿಯನ್ನೆಲ್ಲ ಅರೆದು ಕುಡಿದವರು ತೊದಲುವ ಕೂಸಿನಂತೆ ತಡವರಿಸಿದರು.

"ನಂಗೆ ಗೊತ್ತಿಲ್ಲ ಚೌಡವ್ವ" ಎಂದರು. "ಅವತ್ತೂ ಗೊತ್ತಿರ್ಲಿಲ್ಲ. ಸಾಲು ಅಳಿಸೋಗಿತ್ತು. ಗೊತ್ತಿಲ್ಲ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

"ಅಷ್ಟೇನಾ?" ಎಂದಳು ಚೌಡವ್ವ. "ಅಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಆಮೇಲೆ ಏರಿಯ ಕಲ್ಲಿನ ಮೇಲೆ ಕೂತು, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಹಿರಿಯ ಮಗನ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಮಗ ಸತ್ತ ದಿನ ಅಳದಿದ್ದವಳು. ಕೊಲೆ ಮಾಡಿದವಳಿಗೆ ಅಳುವ ಹಕ್ಕಿಲ್ಲವೆಂದು ಅಂದುಕೊಂಡಿದ್ದಳೋ ಏನೋ. ಅಂದು ಅವಳು ಬರೀ ತಾಯಿಯಾಗಿ ಅತ್ತಳು. ಕೆಳಗೇರಿಯ ಹೆಂಗಸರು ಕೊಡಗಳನ್ನು ಕೆಳಗಿಟ್ಟು ಅವಳ ಸುತ್ತ ಕೂತರು. ಭದ್ರಯ್ಯ ಹೋಗಲಿಲ್ಲ. ಅವಳ ಅಳು ಮುಗಿಯುವವರೆಗೂ ಬಿಸಿಲಲ್ಲಿ ನಿಂತೇ ಇದ್ದರು.

ಇಷ್ಟು ಹೇಳಿ ಇಮಾಮಸಾಬರು ತಿದಿಯಿಂದ ಕೈ ತೆಗೆದರು. ಕೆಂಡದ ಮೇಲೆ ಬೂದಿ ಕವಿಯತೊಡಗಿತ್ತು. ಸೂಲಗಿತ್ತಿಯ ಪಾಠದಲ್ಲಿ ಜವರ ನೀರುಪಾಲಾಗುತ್ತಾನೆ, ಅದರಿಂದಲೇ ಊರು ಬುದ್ಧಿ ಕಲಿಯುತ್ತದೆ. ಇವರ ಪಾಠದಲ್ಲಿ ಹಾಗಿಲ್ಲ. ಆಗ ನನಗೆ ಆ ವ್ಯತ್ಯಾಸ ತಿಳಿದಿರಲಿಲ್ಲವಾದ್ದರಿಂದ ಅದನ್ನು ಕೇಳಲಿಲ್ಲ. ದೊಡ್ಡ ಹಂಡೆ ತಂದಿದ್ದ ಹೆಂಗಸೊಬ್ಬಳು, "ಆಮೇಲೆ ನೀರು ಬಂತಾ ಸಾಬಣ್ಣ ಆ ಕೇರಿಗೆ? ಆ ಕೂಸು?" ಎಂದು ಕೇಳಿದಳು.

"ನುಗ್ಗಿದ ನೀರು ಕಾಲುವೆ ತುಂಬ ಹರೀತಲ್ಲ ತಾಯಿ, ಅವತ್ತಿಗೆ ಅದೇ ಆಯ್ತು. ಕೆಸರು ಸೋಸ್ಕೊಂಡು ಕುಡಿದ್ರು. ಕಡಿದಿದ್ದ ದಾರಿನ ಹುಡುಕಿ ಹಲಗೆಮನೆಯೋರು ಸರಿ ಮಾಡಿದ್ರು. ಆಮೇಲೆ ಅವರವ್ವ ಬರೆದ್ಲು, ಅವನು ಇಳಿದ."

"ಆ ಯಜಮಾನಪ್ಪನ್ನ ಅವಳು ಕ್ಷಮಿಸಿದ್ಲಾ?"

ಇಮಾಮಸಾಬರು ತವರದ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿದರು. "ನಮ್ಮಪ್ಪ ಹೇಳಿದ್ದು ಇಷ್ಟೇ. ಅದು ನಂಗೆ ಗೊತ್ತಿಲ್ಲ ತಾಯಿ" ಎಂದರು.

ಹೊತ್ತು ಇಳಿಯುತ್ತಿತ್ತು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಹೊಳೆಯುವ ಪಾತ್ರೆಗಳನ್ನು ಸೊಂಟಕ್ಕೇರಿಸಿಕೊಂಡರು. ಬರ್ತೀನಿ ಸಾಬಣ್ಣ ಎಂದು ಒಬ್ಬೊಬ್ಬರೂ ಹೇಳಿದರು. ಅವರು ಒಬ್ಬೊಬ್ಬರಿಗೂ ತಲೆಯೆತ್ತಿ, ಆಗ್ಲಿ ತಾಯಿ, ಹೋಗ್ಬನ್ನಿ ಎಂದರು. ದಾರಿಯ ತಿರುವಿನವರೆಗೆ ಅವರ ಮಾತು ಕೇಳಿಸುತ್ತಿತ್ತು, ಆಮೇಲೆ ಪಾತ್ರೆಗೆ ಪಾತ್ರೆ ತಾಕುವ ಸದ್ದು, ಆಮೇಲೆ ಅದೂ ಇಲ್ಲ. ನಾನು ಇದ್ದಲಿನ ಚೀಲ ಕಟ್ಟಲು ಅವರೊಂದಿಗೆ ಕೈಜೋಡಿಸಿ, ನನ್ನ ದಾರಿ ಹಿಡಿದೆ.